ಉಳಿದ ಇಸಬ್ಗೋಲ್ ಅವ್ವನಿಗೆ

ನಮ್ಮ ಮನೆಯಲ್ಲಿ ಇಸಬ್ಗೋಲ್ ತಗೊಳ್ಳುವವರು ಇಬ್ಬರು. ನನಗೆ ಅದು ಬೇಕಾಗಿರುವುದು ಮಲ ಗಟ್ಟಿಯಾಗಬಾರದು ಅಂತ. ಅವ್ವನಿಗೆ ಬೇಕಾಗಿರುವುದು ತೆಳ್ಳಗಾಗಬಾರದು ಅಂತ. 2023ರ ಬೇಸಿಗೆಯಲ್ಲಿ ಬ್ಯಾಡಗಿಯ ಅಂಗಡಿಗಳಲ್ಲಿ ಇಸಬ್ಗೋಲ್ ಸಿಗದೆ ಹೋದಾಗ ನಾವು ಹೇಗೆ ದಿನ ತೆಗೆದೆವು ಎಂಬುದನ್ನು ಬರೆಯುತ್ತಿದ್ದೇನೆ. ಹೊಟ್ಟೆಯ ತೊಂದರೆಯನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಮ್ಮ ಕಡೆ ನಾಚುತ್ತಾರೆ. ಹೇಳಿಕೊಳ್ಳದೆ ನರಳುವವರು ಬಹಳ ಮಂದಿ ಇದ್ದಾರೆ ಎಂದು ಆ ಬೇಸಿಗೆಯಲ್ಲೇ ನನಗೆ ತಿಳಿದದ್ದು.

ನಾನು ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಜನವರಿಯಿಂದ ಏಪ್ರಿಲ್‌ವರೆಗೆ ಚೀಲಗಳ ಸಾಲು ಮುಗಿಯುವುದೇ ಇಲ್ಲ. ಟೆಂಡರ್ ದಿನ ಬೆಳಿಗ್ಗೆ ಕುಂತರೆ ಬಿಲ್ಲು, ತೂಕದ ಚೀಟಿ, ರೈತರ ಪಟ್ಟಿ ಎಲ್ಲ ಮುಗಿಸಿ ಏಳುವಾಗ ರಾತ್ರಿಯಾಗಿರುತ್ತದೆ. ನೀರು ಕುಡಿಯುವ ನೆನಪಿರುವುದಿಲ್ಲ. ಹಸಿವಾದಾಗ ಮಿರ್ಚಿ ಮಂಡಕ್ಕಿ. ಇದು ವರ್ಷಗಟ್ಟಲೆ ನಡೆದು ಗುದದ್ವಾರದಲ್ಲಿ ಸೀಳು ಬಿತ್ತು. ಡಾಕ್ಟರು ಅದಕ್ಕೆ ಫಿಶರ್ ಅನ್ನುತ್ತಾರೆ. ಮಲ ಗಟ್ಟಿಯಾದರೆ ಸೀಳು ಮತ್ತೆ ಹರಿಯುತ್ತದೆ, ನೋವಿಗೆ ಹೆದರಿ ತಡೆ ಹಿಡಿದರೆ ಮಲ ಇನ್ನೂ ಗಟ್ಟಿಯಾಗುತ್ತದೆ. ಈ ಸುತ್ತು ಕಡಿಯಲು ಡಾಕ್ಟರು ಕೊಟ್ಟದ್ದು ಮೂರು: ಹಚ್ಚಲು ಮುಲಾಮು, ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂಡುವುದು, ರಾತ್ರಿ ಊಟವಾದ ಮೇಲೆ ಇಸಬ್ಗೋಲ್. ಮುಲಾಮು ಕೆಲವು ವಾರಕ್ಕೆ ಮುಗಿಯಿತು, ಇಸಬ್ಗೋಲ್ ಮಾತ್ರ ಬಿಡಬೇಡಿರಿ ಎಂದಿದ್ದರು.

ಅವ್ವನದು ಬೇರೆ ಕಥೆ. ಪಿತ್ತಕೋಶದಲ್ಲಿ ಹರಳಾಗಿ ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಿ ಪಿತ್ತಕೋಶವನ್ನೇ ತೆಗೆಸಬೇಕಾಯಿತು. ಅದು ಇದ್ದಾಗ ಪಿತ್ತರಸವನ್ನು ಕೂಡಿಟ್ಟುಕೊಂಡು ಊಟದ ಹೊತ್ತಿಗೆ ಬಿಡುತ್ತದೆ. ಇಲ್ಲದಿದ್ದಾಗ ರಸ ಸದಾ ಕರುಳಿಗೆ ಇಳಿಯುತ್ತಲೇ ಇರುತ್ತದೆ, ಅದರಲ್ಲಿ ಸ್ವಲ್ಪ ದೊಡ್ಡ ಕರುಳಿನವರೆಗೆ ಹೋಗಿ ಅಲ್ಲಿ ನೀರನ್ನು ಎಳೆದುಕೊಳ್ಳುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಅವ್ವನಿಗೆ ಆಯಿತು. ಉಂಡ ಕೂಡಲೇ ಸಂಡಾಸಕ್ಕೆ ಓಡಬೇಕು. ಮದುವೆ ಮನೆ, ಬಸ್ ಪ್ರಯಾಣ, ಗುಡಿ ಎಲ್ಲ ಬಿಟ್ಟೇಬಿಟ್ಟಳು. ಇಸಬ್ಗೋಲ್ ಶುರುವಾದ ಮೇಲೆ ಸಂತೆಗೆ ಹೋಗುವಷ್ಟು ಧೈರ್ಯ ಬಂದಿತ್ತು.

ಗಟ್ಟಿಯಾದವರಿಗೂ ತೆಳ್ಳಗಾದವರಿಗೂ ಒಂದೇ ಔಷಧ ಹೇಗೆ ಎಂದು ನಾನೂ ಕೇಳಿದ್ದೆ. ಇಸಬ್ಗೋಲ್ ಎಂದರೆ ಒಂದು ಸಣ್ಣ ಬೀಜದ ಮೇಲಿನ ತೆಳು ಹೊಟ್ಟು. ಅದು ನೀರನ್ನು ಹೀರಿ ಲೋಳೆಯಾಗುತ್ತದೆ, ಆ ಲೋಳೆ ಕರುಳಿನ ಕೊನೆಯವರೆಗೂ ನೀರನ್ನು ಬಿಟ್ಟುಕೊಡುವುದಿಲ್ಲ. ಮಲ ಒಣಗಿದ್ದರೆ ಅದರೊಳಗೆ ನೀರು ಉಳಿಸುತ್ತದೆ, ನೀರಾಗಿದ್ದರೆ ಆ ನೀರನ್ನು ತನ್ನೊಳಗೆ ಹಿಡಿಯುತ್ತದೆ. ಉಳಿದ ಬಹಳಷ್ಟು ನಾರುಗಳನ್ನು ಕರುಳಿನ ಸೂಕ್ಷ್ಮಜೀವಿಗಳು ತಿಂದು ಗ್ಯಾಸ್ ಮಾಡುತ್ತವೆ. ಇಸಬ್ಗೋಲ್ ಅಷ್ಟಾಗಿ ಹುಳಿಯುವುದಿಲ್ಲ, ಅದಕ್ಕೇ ಹೊಟ್ಟೆ ಉಬ್ಬುವುದು ಕಡಿಮೆ. ಈ ಗುಣ ಎಷ್ಟು ದೊಡ್ಡದು ಎಂಬುದು ಅದು ಇಲ್ಲದಾಗ ಗೊತ್ತಾಗುತ್ತದೆ.

ಕೊರತೆಯ ಸುದ್ದಿ ನನಗೆ ಮೊದಲು ಬಂದದ್ದು ಔಷಧ ಅಂಗಡಿಯಿಂದಲ್ಲ, ನಮ್ಮ ಪೇಟೆಯಿಂದ. ಇಲ್ಲಿಯ ಮೆಣಸಿನಕಾಯಿ ಗುಜರಾತಿಗೂ ಹೋಗುತ್ತದೆ, ಅಲ್ಲಿಯ ಮಸಾಲೆ ವ್ಯಾಪಾರಿಗಳು ದಿನಾ ಫೋನಿನಲ್ಲಿ ಇರುತ್ತಾರೆ. ಮೆಹಸಾಣಾ ಜಿಲ್ಲೆಯ ಉಂಝಾ ಜೀರಿಗೆಯ ದೊಡ್ಡ ಪೇಟೆ, ಇಸಬ್ಗೋಲಿಗೂ ಅದೇ ಪೇಟೆ. ಆ ವರ್ಷ ಮಾರ್ಚಿನಲ್ಲಿ ಗುಜರಾತ್, ರಾಜಸ್ಥಾನದಲ್ಲಿ ಅಕಾಲದ ಮಳೆ ಬಿತ್ತು. ಜೀರಿಗೆ ದರ ಏರುತ್ತಾ ಹೋಗಿ ಕ್ವಿಂಟಲಿಗೆ 50 ಸಾವಿರ ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿರಬಹುದು, ಒಗ್ಗರಣೆಗೆ ಹಾಕುವ ಜೀರಿಗೆಯನ್ನು ಮನೆಯಲ್ಲಿ ಎಣಿಸಿ ಹಾಕುವ ಹಾಗಾಗಿತ್ತು. ಇಸಬ್ಗೋಲಿಗೂ ಅದೇ ಮಳೆ ಹೊಡೆಯಿತು. ಅದು ಹಿಂಗಾರಿ ಬೆಳೆ. ನವೆಂಬರ್ ಸುಮಾರಿಗೆ ಬಿತ್ತುತ್ತಾರೆ, ಫೆಬ್ರುವರಿ ಮಾರ್ಚಿನಲ್ಲಿ ಕೊಯ್ಯುತ್ತಾರೆ. ತೆನೆ ಮಾಗಿದ ಹೊತ್ತಿಗೆ ಮಳೆ ಬಿದ್ದರೆ, ದಟ್ಟ ಇಬ್ಬನಿ ಬಿದ್ದರೂ ಸರಿ, ಹೊಟ್ಟು ಹೊಲದಲ್ಲೇ ನೀರು ಕುಡಿದು ಉಬ್ಬುತ್ತದೆ, ಕಾಳು ಉದುರಿ ಮಣ್ಣುಪಾಲಾಗುತ್ತದೆ. ನಮ್ಮ ಹೊಟ್ಟೆಯಲ್ಲಿ ಉಪಕಾರ ಮಾಡುವ ಗುಣವೇ ಹೊಲದಲ್ಲಿ ರೈತನ ಬೆಳೆ ತೆಗೆಯುತ್ತದೆ. ಕಣದಲ್ಲಿ ಒಣಗಲು ಹಾಕಿದ ಮೆಣಸಿನಕಾಯಿ ಮೇಲೆ ಮಳೆ ಬಿದ್ದರೆ ಏನಾಗುತ್ತದೆ ಎಂದು ಕಣ್ಣಾರೆ ಕಂಡ ನಮಗೆ ಅಲ್ಲಿಯ ರೈತರ ಸಂಕಟ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇದರ ಮೇಲೆ ಇನ್ನೊಂದು ಲೆಕ್ಕ. ನೂರು ಕಿಲೋ ಕಾಳು ಗಿರಣಿಗೆ ಹಾಕಿದರೆ ಸಿಗುವ ಹೊಟ್ಟು ಇಪ್ಪತ್ತೈದು ಕಿಲೋದ ಆಸುಪಾಸು, ಉಳಿದದ್ದರಲ್ಲಿ ಬಹುಪಾಲು ದನದ ಮೇವಿಗೆ ಹೋಗುತ್ತದೆ. ಆ ಹೊಟ್ಟಿನಲ್ಲೂ ಹೆಚ್ಚಿನ ಪಾಲು ಹಡಗು ಹತ್ತುತ್ತದೆ. ಜಗತ್ತಿಗೆ ಇಸಬ್ಗೋಲ್ ಕೊಡುವ ದೇಶ ಮುಖ್ಯವಾಗಿ ನಮ್ಮದೇ, ಅಮೆರಿಕ ದೊಡ್ಡ ಗಿರಾಕಿ. ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶದ ಕೆಲವೇ ಜಿಲ್ಲೆಗಳಲ್ಲಿ ಒಂದು ವಾರ ಹವಾ ಕೆಟ್ಟರೆ ಎಲ್ಲೆಲ್ಲೋ ಇರುವ ರೋಗಿಗಳ ಡಬ್ಬಿ ಖಾಲಿಯಾಗುತ್ತದೆ. ಇಷ್ಟು ಜನರಿಗೆ ಬೇಕಾದ ವಸ್ತು ಇಷ್ಟು ಸಣ್ಣ ನೆಲದ ಮೇಲೆ ನಿಂತಿರುವುದು ಒಳ್ಳೆಯದಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಮ್ಮಲ್ಲಿ ಮೊದಲು ದರ ಏರಿತು, ಆಮೇಲೆ ದೊಡ್ಡ ಪ್ಯಾಕು ಮಾಯವಾಯಿತು, ಕೊನೆಗೆ ಸಣ್ಣದೂ ಇಲ್ಲ.

"ಬಂದಿಲ್ರಿ ಅಣ್ಣಾರ. ಆರ್ಡರ್ ಹಾಕಿ ಕುಂತೇವಿ, ಮ್ಯಾಲಿಂದ ಕಳಸಾಕ ತಯಾರಿಲ್ಲ" ಎಂದ ಔಷಧ ಅಂಗಡಿಯ ಹುಡುಗ. ಒಳ್ಳೆಯ ಮನಸ್ಸಿನಿಂದಲೇ ಒಂದು ಪುಡಿಯ ಡಬ್ಬಿ, ಒಂದು ಸಿರಪ್ ಬಾಟಲಿ ತಂದು ಮುಂದಿಟ್ಟ. "ಇದನ್ನ ಒಯ್ರಿ, ಎಲ್ಲಾ ಒಂದ."

ಎಲ್ಲಾ ಒಂದೇ ಅಲ್ಲ. ಕೊರತೆಯ ದಿನಗಳಲ್ಲಿ ಜನ ಎಡವುವುದು ಇಲ್ಲೇ, ಅದಕ್ಕೆ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆ ಪುಡಿಯ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಸೋನಾಮುಖಿ ಎಂದಿತ್ತು. ಹೊಟ್ಟೆ ಸಾಫ್ ಮಾಡುವ ಎಷ್ಟೋ ಪುಡಿಗಳಲ್ಲಿ ಇಸಬ್ಗೋಲಿನ ಜೊತೆ ಸೋನಾಮುಖಿ ಇರುತ್ತದೆ. ಅದು ನಾರಲ್ಲ, ಕರುಳನ್ನು ಕೆಣಕಿ ಹೊರಗೆ ತಳ್ಳಿಸುವ ಎಲೆ. ಎಂದೋ ಒಮ್ಮೆ ಬೇಕಾಗಬಹುದು, ದಿನಾ ರಾತ್ರಿಯ ಇಸಬ್ಗೋಲಿನ ಜಾಗಕ್ಕೆ ಅದಲ್ಲ. ಸಿರಪ್ಪು ಲ್ಯಾಕ್ಟುಲೋಸ್, ಕರುಳಿಗೆ ನೀರು ಎಳೆದು ಮಲ ಮೆತ್ತಗೆ ಮಾಡುವಂಥದ್ದು. ಡಾಕ್ಟರು ಹೇಳಿದರೆ ನನ್ನಂಥವರಿಗೆ ನಡೆದೀತು. ಅದೇ ಬಾಟಲಿಯನ್ನು ಅವ್ವನಿಗೆ ಕೊಟ್ಟಿದ್ದರೆ ಅವಳ ಗತಿ ಏನಾಗಬೇಕು? ಇಸಬ್ಗೋಲ್ ನಿಮಗೆ ಏನು ಕೆಲಸ ಮಾಡುತ್ತಿತ್ತು ಎಂದು ನೋಡದೆ ಅದರ ಬದಲಿಗೆ ಇನ್ನೊಂದನ್ನು ತರಲು ಬರುವುದಿಲ್ಲ. ಮನೆಯೊಳಗಿನ ಇಬ್ಬರಿಗೇ ಒಂದೇ ಬದಲಿ ಹೊಂದಲಿಲ್ಲ.

ಡಬ್ಬಿಯಲ್ಲಿ ಉಳಿದದ್ದು ಒಬ್ಬರಿಗೆ ಕೆಲವು ವಾರ ಸಾಲುವಷ್ಟು. ಇಬ್ಬರೂ ತಗೊಂಡರೆ ಅರ್ಧಕ್ಕೇ ಮುಗಿಯುತ್ತದೆ. ಹಾವೇರಿಯ ಡಾಕ್ಟರ ಹತ್ತಿರ ಅವ್ವನನ್ನೂ ಕರೆದುಕೊಂಡು ಹೋದೆ. ಅವರು ಇಬ್ಬರ ಚೀಟಿಯನ್ನೂ ಮುಂದೆ ಇಟ್ಟುಕೊಂಡು, "ನಿಮಗ ಬ್ಯಾರೆ ದಾರಿ ಬಾಳ ಅದಾವ್ರೀ. ಅವ್ವಾರಿಗೆ ಕಡಿಮಿ ಅದಾವ. ಉಳಿದದ್ದು ಅವರಿಗೇ ಇರಲಿ, ನೀವು ಊಟದಾಗ ನಾರು ಹೆಚ್ಚ ಮಾಡ್ರಿ" ಎಂದರು. ಅವ್ವ ಒಪ್ಪಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ, "ನಂದೇನ್ ಬಿಡೋ, ಮನ್ಯಾಗ ಇರಾಕಿ. ನೀ ದಿನಾ ಕುಂತು ದುಡಿಯಾಂವ, ನೀನ ತಗೋ" ಅನ್ನುತ್ತಲೇ ಇದ್ದಳು. ಮನೆಯಲ್ಲಿ ಇರುವವಳು ಎಂಬ ಕಾರಣಕ್ಕೆ ಅವಳ ಕಷ್ಟ ಕಡಿಮೆ ಎಂದು ಎಣಿಸುವುದು ನನ್ನಿಂದ ಆಗಲಿಲ್ಲ. ಡಬ್ಬಿಯನ್ನು ಅವಳ ಮಂಚದ ಹತ್ತಿರದ ಗೂಡಿನಲ್ಲಿಟ್ಟೆ.

ಇನ್ನು ನನ್ನ ಊಟ. ಒಬ್ಬ ಮನುಷ್ಯನಿಗೆ ದಿನಕ್ಕೆ 2000 ಕ್ಯಾಲರಿ ಊಟದ ಲೆಕ್ಕದಲ್ಲಿ ಸುಮಾರು 30 ಗ್ರಾಂ ನಾರು ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಪೇಟೆಯ ದಿನಗಳಲ್ಲಿ ನಾನು ತಿನ್ನುತ್ತಿದ್ದ ಅನ್ನ, ಮಂಡಕ್ಕಿ, ಚಹಾ ಬಿಸ್ಕೀಟಿನಲ್ಲಿ ಅದರ ಅರ್ಧವೂ ಇದ್ದಿರಲಾರದು. ನೂರು ಗ್ರಾಂ ಅಕ್ಕಿಯಲ್ಲಿ ನಾರು ಮೂರು ಗ್ರಾಮಿನ ಒಳಗೆ, ಅಷ್ಟೇ ಜೋಳದ ಹಿಟ್ಟಿನಲ್ಲಿ ಹತ್ತು ಗ್ರಾಂ. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದು ಎಂದೂ ನಿಂತಿರಲಿಲ್ಲ. ನಾನೇ ಮಧ್ಯಾಹ್ನ ಮನೆಗೆ ಹೋಗುವುದನ್ನು ಬಿಟ್ಟಿದ್ದೆ, ಅಷ್ಟೇ. ಹೆಂಡತಿ ಬುತ್ತಿ ಕಟ್ಟತೊಡಗಿದಳು: ಎರಡು ಜೋಳದ ರೊಟ್ಟಿ, ಒಂದು ಕಾಳು ಪಲ್ಯ, ಒಂದು ಸೊಪ್ಪಿನ ಪಲ್ಯ, ಮೊಸರಲ್ಲಿ ಕಲಸಿದ ಅಗಸಿ ಚಟ್ನಿ, ಜೊತೆಗೆ ಹಸಿ ಹಕ್ಕರಕಿಯೋ ಸೌತೆಕಾಯಿಯೋ.

ಆದರೆ ಜೋಳದ ನಾರಿನಲ್ಲಿ ಹೆಚ್ಚಿನದು ನೀರಿನಲ್ಲಿ ಕರಗದ ಜಾತಿಯದು. ಅದು ಮಲಕ್ಕೆ ಗಾತ್ರ ಕೊಡುತ್ತದೆ, ಲೋಳೆ ಆಗುವುದಿಲ್ಲ. ಸೀಳು ಇರುವವನಿಗೆ ಬರೀ ಗಾತ್ರ ಸಾಲದು, ಮೆತ್ತಗೂ ಇರಬೇಕು. ಅದಕ್ಕೆ ಲೋಳೆ ಬಿಡುವ ಪದಾರ್ಥಗಳನ್ನು ಹುಡುಕಿ ಸೇರಿಸಿದೆವು. ಅಗಸಿ ನಮ್ಮ ಕಡೆಯ ದೊಡ್ಡ ಆಸ್ತಿ. ಹುರಿದು ಪುಡಿ ಮಾಡಿದ್ದು ರೊಟ್ಟಿಗೆ, ರಾತ್ರಿ ನೆನೆಹಾಕಿದ್ದು ಬೆಳಿಗ್ಗೆ ಕುಡಿಯಲು. ಪುಡಿ ಮಾಡದ ಇಡೀ ಕಾಳು ಹೋದ ಹಾಗೇ ಹೊರಗೆ ಬರುತ್ತದೆ, ನೆನೆದಾಗ ಅದರ ಸುತ್ತ ಬರುವ ಲೋಳೆಯೇ ಉಪಯೋಗದ್ದು. ಬೆಂಡೆಕಾಯಿ, ನೆನೆಸಿದ ಮೆಂತ್ಯ, ಕಾಮಕಸ್ತೂರಿ ಬೀಜ ಹಾಕಿದ ಪಾನಕ, ಚವಳಿಕಾಯಿ (ಗೋರಿಕಾಯಿ) ಪಲ್ಯ. ಚವಳಿಕಾಯಿಯ ಬೀಜದಿಂದಲೇ ಗೌರ್ ಗಮ್ ತೆಗೆಯುತ್ತಾರೆ, ಅದನ್ನು ಸಂಸ್ಕರಿಸಿ ಹೊಟ್ಟೆಯ ನಾರಿನ ಔಷಧವಾಗಿಯೂ ಮಾರುತ್ತಾರೆ. ತರಕಾರಿಯಲ್ಲಿ ಇರುವುದು ಅಷ್ಟು ಬಲದ್ದಲ್ಲ, ಆದರೂ ಒಳ್ಳೆಯದೇ. ಮಂಡಕ್ಕಿಯ ಜಾಗಕ್ಕೆ ಪೇರಲ ಹಣ್ಣು ಬಂತು.

ಅಗಸಿ ಇಸಬ್ಗೋಲಿಗೆ ಸಮ ಎಂದು ಹೇಳುವವರನ್ನು ನಂಬಬೇಡಿ. ಹತ್ತು ಗ್ರಾಂ ಅಗಸಿಯಲ್ಲಿ ನಾರು ಮೂರು ಗ್ರಾಮಿಗೂ ಕಡಿಮೆ, ಹತ್ತು ಗ್ರಾಂ ಇಸಬ್ಗೋಲಿನಲ್ಲಿ ಅದರ ಎರಡು ಮೂರು ಪಟ್ಟು. ಹಾಗಂತ ಅಗಸಿಯನ್ನೇ ಹಿಡಿ ಹಿಡಿ ತಿಂದರೆ ಎಣ್ಣೆಯೂ ಅಷ್ಟೇ ಹೊಟ್ಟೆಗೆ ಹೋಗುತ್ತದೆ. ಒಂದೇ ಪದಾರ್ಥ ಇಸಬ್ಗೋಲಿನ ಜಾಗ ತುಂಬುವುದಿಲ್ಲ. ಬೆಳಿಗ್ಗೆ ಸ್ವಲ್ಪ, ಮಧ್ಯಾಹ್ನ ಸ್ವಲ್ಪ, ರಾತ್ರಿ ಸ್ವಲ್ಪ ಎಂದು ಕೂಡಿಸಬೇಕು.

ಮೊದಲ ವಾರಗಳು ಕಷ್ಟವಾಗಿದ್ದವು. ಹೆಸರುಕಾಳು, ಮಡಕಿಕಾಳು, ಹುರುಳಿ ಹೆಚ್ಚಿದಂತೆ ಹೊಟ್ಟೆ ತಂಬೂರಿಯಂತೆ ಬಿಗಿಯಿತು. ಇದೇ ಕಾರಣಕ್ಕೆ ಬಹಳ ಜನ ಬಿಟ್ಟುಬಿಡುತ್ತಾರೆ. ಡಾಕ್ಟರು ನಿಧಾನವಾಗಿ ಏರಿಸಲು ಹೇಳಿದ್ದರು: ಒಂದು ಪದಾರ್ಥ ಸೇರಿಸಿ, ಕೆಲವು ದಿನ ನೋಡಿ, ಆಮೇಲೆ ಇನ್ನೊಂದು. ಕಾಳನ್ನು ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿ, ಜೀರಿಗೆ ಇಂಗು ಹಾಕಿದ ಮೇಲೆ ತಡೆದುಕೊಳ್ಳುವ ಹಾಗಾಯಿತು. ಗೋಧಿ ತವುಡನ್ನು ಒಬ್ಬರು ಕೊಡಿಸಿದ್ದರು, ಅದು ಮಾತ್ರ ನನಗೆ ಆಗಿಬರಲಿಲ್ಲ. ಒರಟು ತವುಡು ಕೆಲವರ ಕರುಳಿನಲ್ಲಿ ನೋವನ್ನೇ ಹೆಚ್ಚಿಸುತ್ತದೆ.

ನೀರಿನದು ಬೇರೆಯೇ ಶಿಸ್ತು. ನಾರು ಹೆಚ್ಚು ಮಾಡಿ ನೀರು ಕಡಿಮೆ ಕುಡಿದರೆ ಇದ್ದ ತೊಂದರೆ ಇಮ್ಮಡಿಯಾಗುತ್ತದೆ. ಲೆಕ್ಕದ ಮೇಜಿನ ಮೇಲೆ ತಂಬಿಗೆ ಇಟ್ಟುಕೊಂಡೆ, ಒಂದು ಲಾಟಿನ ಬಿಲ್ ಮುಗಿಯಿತೆಂದರೆ ಒಂದು ಲೋಟ ನೀರು. ಬೆಳಿಗ್ಗೆ ಬಂದ ಕರೆಯನ್ನು ಟೆಂಡರ್ ಇದೆ ಅಂತ ತಡೆಯುವುದನ್ನು ನಿಲ್ಲಿಸಿದೆ. ನೋವು ಕಂಡ ದಿನ ಬೆಚ್ಚಗಿನ ನೀರಿನ ಟಬ್ಬು. ಖಾರದ ಮಾತೂ ಹೇಳಬೇಕು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ಸೀಳು ಹಸಿಯಾಗಿದ್ದಾಗ ಖಾರ ಉರಿಸುತ್ತದೆ. ಅದೇ ಪೇಟೆಯ ಅನ್ನ ಉಣ್ಣುವವನಾಗಿ ಇದನ್ನು ಹೇಳುತ್ತಿದ್ದೇನೆ.

ಅವ್ವನ ಕಡೆ ಬೇರೆ ಅಡಿಗೆ. ಕಾಳು, ಹಸಿ ತರಕಾರಿ, ತವುಡು ಅವಳಿಗೆ ಬೇಡ. ಓಟ್ಸ್ ಗಂಜಿ, ಬಾರ್ಲಿ ಗಂಜಿ, ಬೇಯಿಸಿದ ಗಜ್ಜರಿ, ಮಾಗಿದ ಬಾಳೆಹಣ್ಣು, ಮಜ್ಜಿಗೆ ಅನ್ನ. ಓಟ್ಸ್ ಬಾರ್ಲಿಯ ನಾರಿನಲ್ಲಿ ಕರಗುವ ಪಾಲು ಚೆನ್ನಾಗಿದೆ, ಮೆಲ್ಲಗೆ ಲೋಳೆ ಕಟ್ಟುತ್ತದೆ. ಎಣ್ಣೆ ಕಡಿಮೆ, ಒಮ್ಮೆಗೇ ಹೊಟ್ಟೆತುಂಬ ಉಣ್ಣದೆ ಸ್ವಲ್ಪ ಸ್ವಲ್ಪ. ಇದು ಹೊಂದಿಕೆಯಾದ ಮೇಲೆ ಡಾಕ್ಟರು ಅವಳ ಇಸಬ್ಗೋಲನ್ನೂ ಮೆಲ್ಲಗೆ ಅರ್ಧಕ್ಕೆ ಇಳಿಸಿ ನೋಡಿದರು, ಡಬ್ಬಿ ಇನ್ನೂ ಕೆಲವು ದಿನ ಬಂತು. ತೀರಾ ಸಿಗದಿದ್ದರೆ ಪಿತ್ತರಸವನ್ನು ಹಿಡಿದಿಡುವ ಕೊಲೆಸ್ಟೈರಮಿನ್ ಎಂಬ ಬೇರೆ ಪುಡಿ ಇದೆ, ಅದನ್ನು ಬರೆಯುತ್ತೇನೆ ಎಂದು ಧೈರ್ಯ ಹೇಳಿದ್ದರು. ಅದರ ಅಗತ್ಯ ಬೀಳಲಿಲ್ಲ.

ಅವಳಿಗೆ ಥೈರಾಯ್ಡ್ ಗುಳಿಗೆಯೂ ಇದೆ. ಇಸಬ್ಗೋಲಿನ ಲೋಳೆ ಗುಳಿಗೆಯನ್ನು ಸುತ್ತಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡಬಹುದು. ಅದಕ್ಕೆ ಗುಳಿಗೆ ಬೆಳಗಿನ ಖಾಲಿ ಹೊಟ್ಟೆಗೆ, ಇಸಬ್ಗೋಲ್ ನಾಲ್ಕು ತಾಸಿನ ಮೇಲೆ. ಬೇರೆ ಔಷಧಗಳಿಗೂ ಒಂದೆರಡು ತಾಸಿನ ಅಂತರ ಬೇಕು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವವರು ನಾರನ್ನು ಒಮ್ಮೆಗೇ ಏರಿಸಿದರೂ ಇಳಿಸಿದರೂ ರಕ್ತದ ಸಕ್ಕರೆ ಹೆಚ್ಚು ಕಡಿಮೆಯಾಗಬಹುದು, ಅಂಥವರು ಡಾಕ್ಟರಿಗೆ ಹೇಳಿಯೇ ಬದಲಾಯಿಸಬೇಕು.

ಈ ನಡುವೆ ಹುಡುಕಾಟ ನಿಂತಿರಲಿಲ್ಲ. ರಜೆ ಸಿಕ್ಕಾಗ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ದುರ್ಗದಬೈಲ್ ಸುತ್ತಲಿನ ಅಂಗಡಿಗಳನ್ನು ಕೇಳಿದೆ. ಒಂದು ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುತ್ತಿದ್ದರು. ಅವರ ಎದುರಿಗೇ ಒಂದು ಚಿಟಿಕೆ ನೀರಿಗೆ ಹಾಕಿಸಿದೆ. ಒಳ್ಳೆಯ ಹೊಟ್ಟು ಸ್ವಲ್ಪ ಹೊತ್ತಿಗೆ ಉಬ್ಬಿ ಒಂದೇ ಸಮನೆ ಲೋಳೆಯಾಗಬೇಕು. ಇದರ ತಳದಲ್ಲಿ ಕಂದು ಕಸ, ಮರಳಿನಂಥ ಪುಡಿ ಕೂತಿತು. ಬಿಟ್ಟು ಬಂದೆ. ಇನ್ನೊಂದು ಕಡೆ ಹೊಟ್ಟಿನ ಬದಲು ನುಣ್ಣಗೆ ಬೀಸಿದ ಪುಡಿ ಸಿಕ್ಕಿತು. ಹೊಟ್ಟು ಹಗುರ, ಪುಡಿ ಭಾರ. ಒಂದೇ ಚಮಚದಲ್ಲಿ ಪುಡಿಯ ತೂಕ ಹೆಚ್ಚು ಬರುತ್ತದೆ, ಬೇಗ ಗಟ್ಟಿಯಾಗುತ್ತದೆ. ಹಳೆಯ ಚಮಚದ ಅಳತೆ ಅಲ್ಲಿ ನಡೆಯದು. ಕಿತ್ತಳೆ ಸ್ವಾದದ ಪ್ಯಾಕೆಟ್ಟುಗಳಲ್ಲಿ ಸಕ್ಕರೆಯೇ ಅರ್ಧ ಇರಬಹುದು, ಇಸಬ್ಗೋಲ್ ಎಷ್ಟು ಗ್ರಾಂ ಎಂದು ಹಿಂದೆ ಓದಿ ನೋಡಬೇಕು. ಯಾವುದೇ ರೂಪದ್ದಾದರೂ ತುಂಬಿದ ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಬೇಕು. ಒಣದನ್ನು ಬಾಯಿಗೆ ಹಾಕಿಕೊಂಡು ಮೇಲೆ ಒಂದು ಗುಟುಕು ನೀರು ಕುಡಿಯುವವರನ್ನು ನೋಡಿದ್ದೇನೆ, ಅದು ಗಂಟಲಲ್ಲೇ ಉಬ್ಬಿ ಉಸಿರು ಕಟ್ಟಿಸಬಹುದು. ನುಂಗಲು ಕಷ್ಟವಿರುವವರಿಗೆ ಕೊಡಲೇಬಾರದು. ಕುಡಿದ ಕೂಡಲೇ ಮಲಗಲೂಬಾರದು.

ಅಲ್ಲಿ ನನ್ನ ಮುಂದೆ ನಿಂತಿದ್ದವರೊಬ್ಬರು ಇದ್ದ ಪ್ಯಾಕುಗಳನ್ನೆಲ್ಲ ಕೊಳ್ಳಲು ಹೊರಟಿದ್ದರು. ದರ ಏರುವಾಗ ಸರಕು ಕೂಡಿಡುವುದನ್ನು ನಾನು ದಿನಾ ನೋಡುವವನು. ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಕುಂತರೆ ಯಾರ ಜೀವವೂ ನೋಯುವುದಿಲ್ಲ. ಔಷಧದಂತೆ ಬಳಸುವ ವಸ್ತುವನ್ನು ಒಬ್ಬರೇ ವರ್ಷಕ್ಕಾಗುವಷ್ಟು ಒಯ್ದರೆ ಹಿಂದೆ ನಿಂತವರು ಬರಿಗೈಯಲ್ಲಿ ಹೋಗುತ್ತಾರೆ. ಅಂಗಡಿಯವರು ಒಳ್ಳೆಯವರು, "ತಲೆಗೊಂದು ಅಷ್ಟರೀ" ಎಂದು ನಿಷ್ಠುರವಾಗಿಯೇ ಹೇಳಿದರು. ನನಗೂ ಒಂದೇ ಸಿಕ್ಕಿತು, ಅದು ಅವ್ವನ ಗೂಡಿಗೆ ಹೋಯಿತು.

ಪೇಟೆಯಲ್ಲಿ ನನ್ನ ಬುತ್ತಿ ನೋಡಿ ವಿಚಾರಿಸಿದವರಲ್ಲಿ ಹಮಾಲರೊಬ್ಬರು ಆಮೇಲೆ ಗೋದಾಮಿನ ಹಿಂದೆ ಕರೆದು ಮೆಲ್ಲಗೆ ತಮ್ಮ ಕಷ್ಟ ಹೇಳಿಕೊಂಡರು. ತಿಂಗಳುಗಳಿಂದ ರಕ್ತ ಹೋಗುತ್ತಿತ್ತು, ತೂಕವೂ ಇಳಿದಿತ್ತು, ಮೂಲವ್ಯಾಧಿ ಎಂದು ತಾವೇ ತಿಳಿದುಕೊಂಡು ಇಸಬ್ಗೋಲ್ ಹುಡುಕುತ್ತಿದ್ದರು. ನಾನು ಅಗಸಿಯ ಮಾತನ್ನೇ ತೆಗೆಯಲಿಲ್ಲ, ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ರಕ್ತ, ಇಳಿಯುವ ತೂಕ, ನಿಲ್ಲದ ನೋವು, ವಯಸ್ಸಾದ ಮೇಲೆ ಇದ್ದಕ್ಕಿದ್ದಂತೆ ಬದಲಾದ ಮಲದ ರೂಢಿ, ಇವು ನಾರಿನಿಂದ ಸರಿಪಡಿಸುವ ವಿಷಯಗಳಲ್ಲ.

ಮಳೆಗಾಲ ಹಿಡಿದ ಮೇಲೆ ಸರಕು ಮತ್ತೆ ಬರತೊಡಗಿತು, ಮೊದಲಿಗಿಂತ ತುಟ್ಟಿಯಾಗಿ. ನಾನು ಈಗಲೂ ಬುತ್ತಿಯನ್ನೇ ಉಣ್ಣುತ್ತೇನೆ, ಇಸಬ್ಗೋಲ್ ಸುಗ್ಗಿಯ ತಿಂಗಳುಗಳಲ್ಲಿ ಮಾತ್ರ, ಅದೂ ಮೊದಲಿನ ಅರ್ಧ. ಅವ್ವನದು ಪೂರ್ತಿ ಪ್ರಮಾಣಕ್ಕೆ ಮರಳಿದೆ. ಅವಳಿಗೆ ಒಂದು ತಿಂಗಳಿಗೆ ಆಗುವಷ್ಟು ಮುಂಗಡ ಇಟ್ಟಿರುತ್ತೇವೆ, ಗಾಳಿಯಾಡದ ಡಬ್ಬಿಯಲ್ಲಿ, ಹಳೆಯದು ಮುಗಿದ ಮೇಲೆ ಹೊಸದು ಒಡೆಯುವ ಕ್ರಮದಲ್ಲಿ. ಸಿಗದಿದ್ದರೆ ಏನು ಮಾಡಬೇಕು ಎಂದು ಡಾಕ್ಟರ ಕೈಯಿಂದ ಅವಳ ಚೀಟಿಯಲ್ಲೇ ಬರೆಸಿಕೊಂಡಿದ್ದೇನೆ. ಫೆಬ್ರುವರಿ ಬಂತೆಂದರೆ ಉಂಝಾದ ವ್ಯಾಪಾರಿಗಳ ಫೋನಿನಲ್ಲಿ ನಮ್ಮ ಮೆಣಸಿನಕಾಯಿಯ ದರ ಹೇಳಿ ಮುಗಿಸಿದ ಮೇಲೆ, ಅಲ್ಲಿ ಮೋಡ ಆಗಿದೆಯೋ ಹೇಗೆ, ಇಸಬ್ಗೋಲ್ ಕೊಯ್ಲು ಎಲ್ಲಿಗೆ ಬಂತು ಎಂದು ಕೇಳುತ್ತೇನೆ. ಕೊಯ್ಲು ಒಣಗಿ ಚೀಲ ಸೇರಿತು ಎಂದು ಅವರು ಹೇಳಿದ ದಿನ ಅದನ್ನು ಅವ್ವನಿಗೂ ಹೇಳುತ್ತೇನೆ.